ಹತ್ತು ಅಡಿ ಅಗಲದ ಹಾಲ್‌ಗೆ ಎಂಥ ಊಟದ ಟೇಬಲ್?

ಪ್ರಶ್ನೆ: ಹುಬ್ಬಳ್ಳಿಯ ನವನಗರದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿದ್ದೇವೆ. ಹಾಲ್ 10 ಅಡಿ ಅಗಲ, 14 ಅಡಿ ಉದ್ದ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗ ಇಲ್ಲ. ಮನೆಯಲ್ಲಿ ನಾನು, ನಮ್ಮ ಮನೆಯವರು, 6 ಮತ್ತು 10 ವರ್ಷದ ಇಬ್ಬರು ಮಕ್ಕಳು, ಅತ್ತೆಯವರು. ಇಲ್ಲಿಯವರೆಗೆ ನೆಲದ ಮೇಲೇ ಊಟ ಮಾಡುತ್ತಿದ್ದೆವು. ಈಗ ಅತ್ತೆಯವರಿಗೆ ಮೊಣಕಾಲು ನೋವು, ಕೆಳಗೆ ಕೂತರೆ ಏಳಲು ಆಗುವುದಿಲ್ಲ. ನಮ್ಮ ಮನೆಯವರು ಆರು ಸೀಟಿನ ಗಾಜಿನ ಟೇಬಲ್ ನೋಡಿ ಬಂದಿದ್ದಾರೆ. ಕಂತಿನ ಮೇಲೆ ಕೊಡುತ್ತಾರಂತೆ. ಪಂಚಮಿಗೆ ಗದಗದಿಂದ ನಾದಿನಿ ಮನೆಯವರು ಬಂದರೆ ಹತ್ತು ಮಂದಿ ಆಗುತ್ತೇವೆ, ಅದಕ್ಕೇ ದೊಡ್ಡದು ಬೇಕು ಎನ್ನುತ್ತಾರೆ. ನನಗೆ ಗೋಡೆಗೆ ಹೊಡೆಯುವ ಮಡಚುವ ಟೇಬಲ್ ಸಾಕು ಅನಿಸುತ್ತದೆ. 25 ಸಾವಿರದೊಳಗೆ ಏನು ಮಾಡಬಹುದು?

ಉತ್ತರ: ಪ್ರಶ್ನೆಯ ಜೊತೆ ಮನೆಯ ನಕ್ಷೆ ಬರೆದು ಕಳಿಸಿದ್ದು ಒಳ್ಳೆಯದಾಯಿತು. ಹಾಲ್‌ನ ಹಿಂದಿನ ಮೂಲೆಯಲ್ಲಿ, ಟಿವಿ ಸ್ಟ್ಯಾಂಡ್ ಮುಗಿದ ಮೇಲೆ, ಆರೂವರೆ ಅಡಿ ಖಾಲಿ ಗೋಡೆ ತೋರಿಸಿದ್ದೀರಿ. ಅದರ ಆಚೆ ಮಗ್ಗುಲಿಗೆ ಅಡುಗೆಮನೆ ಬಾಗಿಲು. ಟೇಬಲ್ ಬರುವುದಿದ್ದರೆ ಆ ಗೋಡೆಗೇ ಬರಬೇಕು. ಸೋಫಾ ಇರುವ ಕಡೆ ಜಾಗ ಹುಡುಕುವುದು ಸುಮ್ನೆ.

ಆರು ಸೀಟಿನದು ಬೇಡ. ಗಾಜಿನದಂತೂ ಬೇಡವೇ ಬೇಡ. ಗೋಡೆಗೆ ಹೊಡೆಯುವುದೂ ನಿಮ್ಮ ಮನೆಗೆ ಹೊಂದುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಅಂಗಡಿಯಲ್ಲಿ ಟೇಬಲ್ ನೋಡುವಾಗ ಖುರ್ಚಿಗಳು ಒಳಗೆ ಸರಿಸಿಟ್ಟಿರುತ್ತವೆ. ಹಾಗೆ ನೋಡಿದರೆ ಎಲ್ಲ ಟೇಬಲ್ಲೂ ಚಿಕ್ಕದೇ ಕಾಣುತ್ತದೆ. ಆದರೆ ಊಟಕ್ಕೆ ಕೂಡುವವರು ಖುರ್ಚಿ ಹೊರಗೆ ಎಳೆಯಬೇಕು, ಕೂಡಬೇಕು, ಎದ್ದು ಬರಬೇಕು. ಅದಕ್ಕೆ ಟೇಬಲ್ ಅಂಚಿನಿಂದ ಎರಡೂವರೆ ಅಡಿ ಬೇಕು. ಕೂತವರ ಬೆನ್ನ ಹಿಂದೆ ಸಾರಿನ ಪಾತ್ರೆ ಹಿಡಿದು ಒಬ್ಬರು ಓಡಾಡಬೇಕು ಅಂದರೆ ಮೂರು ಅಡಿಯಾದರೂ ಬೇಕು. ಆರು ಸೀಟಿನ ಟೇಬಲ್ ಸಾಮಾನ್ಯವಾಗಿ 5 ಅಡಿ ಉದ್ದ, 3 ಅಡಿ ಅಗಲ ಇರುತ್ತದೆ. ಮೂರಕ್ಕೆ ಎರಡೂ ಕಡೆಯ ಎರಡೂವರೆ ಅಡಿ ಕೂಡಿಸಿ. ಎಂಟು ಅಡಿ ಆಯಿತು. ನಿಮ್ಮ ಹಾಲ್ ಹತ್ತು. ಉಳಿದ ಎರಡು ಅಡಿಯಲ್ಲಿ ನೀವು ಅಡುಗೆಮನೆಗೆ ದಿನಕ್ಕೆ ಅದೆಷ್ಟು ಸಲ ಅಡ್ಡಾಡಬೇಕು? ಕಡೆಗೆ ಬೇಸತ್ತು ಟೇಬಲ್ಲನ್ನು ಗೋಡೆಗೆ ನೂಕುತ್ತೀರಿ. ಆಗ ಒಂದು ಮಗ್ಗುಲಿನ ಸೀಟುಗಳೆಲ್ಲ ಹೋದವು. ಆರು ಸೀಟಿನ ಕಂತು ಕಟ್ಟುತ್ತಾ ಮೂರು ನಾಲ್ಕು ಸೀಟಿನಲ್ಲಿ ಉಣ್ಣುವುದು, ಅಷ್ಟೇ.

ಇನ್ನೊಂದು ವಿಷಯ ನಿಮ್ಮ ಮನೆಯವರ ಗಮನಕ್ಕೆ ತನ್ನಿ. ನಿಮ್ಮದು ಮೊದಲ ಮಹಡಿ, ಮೆಟ್ಟಿಲು ಹೊರಗಡೆಯಿಂದ. ಇಂಥ ಮೆಟ್ಟಿಲು ಅನೇಕ ಕಡೆ ಎರಡೂವರೆ ಅಡಿ ಅಗಲ ಇದ್ದರೆ ಹೆಚ್ಚು. ತಿರುವಿನಲ್ಲಿ 5 ಅಡಿ ಗಾಜನ್ನು ಎತ್ತಿ ತಿರುಗಿಸಬೇಕು. ಬಾಡಿಗೆ ಮನೆ ಬಿಡುವಾಗ ಅದೇ ಕಸರತ್ತು ಮತ್ತೊಮ್ಮೆ. ಗಾಜು ಟೆಂಪರ್ಡ್ (ಕಾಯಿಸಿ ಗಟ್ಟಿ ಮಾಡಿದ್ದು) ಆಗಿದ್ದರೆ ಚಪ್ಪಟೆ ಮೇಲ್ಮೈಗೆ ಬಿದ್ದ ಪೆಟ್ಟು ತಡೆಯುತ್ತದೆ, ಅಂಚಿಗೋ ಮೂಲೆಗೋ ಪೆಟ್ಟು ಬಿದ್ದರೆ ಪೂರ್ತಿ ಪುಡಿಯಾಗುತ್ತದೆ. ಆರು ವರ್ಷದ ಕೂಸು ಎಡವಿ ಬಿದ್ದರೆ ಹಣೆ ಟೇಬಲ್ ಮೂಲೆಗೇ ಬಡಿಯಬಹುದು, ಅದೂ ನೆನಪಿರಲಿ. ಇಷ್ಟೆಲ್ಲ ಬಿಡಿ, ಸ್ಟೀಲ್ ತಾಟು ಗಾಜಿನ ಮೇಲೆ ಇಟ್ಟಾಗ ಬರುವ ಸದ್ದು ದಿನಕ್ಕೆ ಮೂರು ಹೊತ್ತು ಕೇಳಬೇಕಲ್ಲ!

ಈಗ ನಿಜವಾದ ಪ್ರಶ್ನೆಗೆ ಬರೋಣ. ನಿಮ್ಮ ಮನೆಯಲ್ಲಿ ಒಂದೇ ಹೊತ್ತಿಗೆ ಎಷ್ಟು ಮಂದಿ ಉಣ್ಣುತ್ತೀರಿ? ಮಕ್ಕಳಿಗೆ ಬೆಳಿಗ್ಗೆ ಶಾಲೆ ಅವಸರ, ಹಿರಿಯರಿಗೆ ಅವರದೇ ಹೊತ್ತು. ರಾತ್ರಿ ಹೆಚ್ಚಿನ ಮನೆಗಳಲ್ಲಿ ಅಜ್ಜಿ, ಮೊಮ್ಮಕ್ಕಳು ಎಂಟಕ್ಕೆ ಉಂಡು ಮುಗಿಸುತ್ತಾರೆ. ಗಂಡ ಹೆಂಡತಿ ಒಂಬತ್ತರ ಮೇಲೆ. ನಿಮ್ಮಲ್ಲೂ ಹೀಗೇ ಇದ್ದರೆ ದಿನನಿತ್ಯ ಬೇಕಾಗಿದ್ದು ಮೂರು ಸೀಟು. ರವಿವಾರ ಐದು. ಪಂಚಮಿಗೆ ಹತ್ತು. ಟೇಬಲ್ ಕೊಳ್ಳಬೇಕಾದದ್ದು ಮೂರರ ಲೆಕ್ಕಕ್ಕೆ, ಅದು ಐದಕ್ಕೆ ಹಿಗ್ಗಬೇಕು. ಹತ್ತರ ಚಿಂತೆ ಟೇಬಲ್ಲಿಗೆ ಹಚ್ಚಬೇಡಿ.

ನನ್ನ ಸಲಹೆ ಹೀಗಿದೆ. 4 ಅಡಿ ಉದ್ದ, 2 ಅಡಿ ಅಗಲದ ಟೇಬಲ್. ಉದ್ದನೆಯ ಒಂದು ಅಂಚಿಗೆ ಬಿಜಾಗರಿ ಹಾಕಿ ಕೂಡಿಸಿದ 1 ಅಡಿ ಅಗಲದ ಮಡಚುವ ಹಲಗೆ. ಒಂದು ಬೆಂಚು, ಕೈ ಇರುವ ಒಂದು ಖುರ್ಚಿ, ಒಂದರ ಮೇಲೊಂದು ಪೇರಿಸಿ ಇಡುವಂಥ ಎರಡು ಸ್ಟೂಲು. ರೆಡಿಮೇಡ್ ಹುಡುಕಬೇಡಿ, ಮಾಡಿಸಿ.

ಆ ಮಡಚುವ ಹಲಗೆ ಯಾವ ಕಡೆ ಇರಬೇಕು ಅನ್ನುವುದರಲ್ಲೇ ಎಲ್ಲ ಇದೆ. ಹೇಳದೆ ಬಿಟ್ಟರೆ ಬಡಿಗರು ಹಾಲ್ ಕಡೆಗೇ ಇಡುವುದು ಜಾಸ್ತಿ. ನೋಡಲು ಅದೇ ಸರಿ ಅನಿಸುತ್ತದೆ. ಆದರೆ ಮಡಚಿದಾಗ ಆ ಹಲಗೆ ಒಂದು ಅಡಿ ಕೆಳಗೆ ಜೋತುಬಿದ್ದಿರುತ್ತದೆ, ಸರಿಯಾಗಿ ಬೆಂಚಿನ ಮೇಲೆ ಕೂತವರ ಮೊಣಕಾಲಿಗೆ ಅಡ್ಡವಾಗಿ. ಕಾಲು ಒಳಗೆ ಹೋಗುವುದಿಲ್ಲ. ಮಕ್ಕಳು ಓರೆಯಾಗಿ ಕೂತು ಉಣ್ಣುತ್ತಾರೆ, ಅರ್ಧ ಅನ್ನ ನೆಲಕ್ಕೆ. ಹಲಗೆ ಗೋಡೆ ಕಡೆ ಇರಲಿ. ದಿನವೂ ಅದು ಗೋಡೆಗೂ ಟೇಬಲ್ಲಿಗೂ ನಡುವೆ ಇಳಿಬಿದ್ದು ಸುಮ್ಮನಿರುತ್ತದೆ, ಒಂದು ಇಂಚು ಜಾಗ ತಿನ್ನುತ್ತದೆ ಅಷ್ಟೇ. ಬೇಕಾದಾಗ ಟೇಬಲ್ಲನ್ನು ಒಂದು ಅಡಿ ಈಚೆ ಎಳೆದು ಹಲಗೆ ಮೇಲೆತ್ತಿದರೆ ಆಯಿತು.

ಟೇಬಲ್ ಗೋಡೆಗೆ ಹತ್ತಿದ್ದರೆ ಇನ್ನೊಂದು ಲಾಭ ಇದೆ. ನಮ್ಮ ಕಡೆಯ ಊಟಕ್ಕೆ ತಾಟು ದೊಡ್ಡದು. ನಿಮ್ಮ ಮನೆಯ ಗಂಗಾಳ ಒಂದು ತೆಗೆದು ಟೇಪ್ ಹಿಡಿದು ನೋಡಿ, 12 ರಿಂದ 13 ಇಂಚು ಬರುತ್ತದೆ. ಮೂರು ಅಡಿಯ ಗುಂಡು ಟೇಬಲ್ಲಿಗೆ ನಾಲ್ಕು ಜನ ಕೂಡಬಹುದು ಎಂದು ಅಂಗಡಿಯವರು ಹೇಳುತ್ತಾರೆ. ಕೂಡಬಹುದು, ನಿಜ. ಆದರೆ ಎದುರು ಬದುರು ಎರಡು ಗಂಗಾಳ ಇಟ್ಟರೆ 36 ಇಂಚಿನಲ್ಲಿ 26 ಇಂಚು ಮುಗಿಯಿತು. ನಡುವೆ ಉಳಿದ 10 ಇಂಚಿನಲ್ಲಿ ರೊಟ್ಟಿ ಬುಟ್ಟಿ, ಪಲ್ಯದ ಬೋಗುಣಿ, ಕಾಳಿನ ಪಾತ್ರೆ, ಮೊಸರು, ಶೇಂಗಾ ಹಿಂಡಿ ಡಬ್ಬಿ, ನೀರಿನ ತಂಬಿಗೆ. ಹಿಡಿಯುತ್ತದೆಯೇ? ಪಾತ್ರೆಗಳೆಲ್ಲ ಅಡುಗೆಮನೆ ಕಟ್ಟೆಯ ಮೇಲೇ ಉಳಿಯುತ್ತವೆ, ನೀವು ರೊಟ್ಟಿಗೊಮ್ಮೆ ಪಲ್ಯಕ್ಕೊಮ್ಮೆ ಏಳುತ್ತಿರುತ್ತೀರಿ. ಗೋಡೆಗೆ ಹತ್ತಿದ 2 ಅಡಿ ಟೇಬಲ್ಲಿನಲ್ಲಿ ಗಂಗಾಳದ ಹಿಂದೆ, ಗೋಡೆ ಮಗ್ಗುಲಿಗೆ, 11 ಇಂಚು ಉಳಿಯುತ್ತದೆ. ಬಡಿಸುವ ಪಾತ್ರೆಗಳ ಜಾಗ ಅದು. ಬಿಸಿ ಪಾತ್ರೆ ಮಕ್ಕಳ ಮೊಣಕೈಯಿಂದಲೂ ದೂರ. ಹಲಗೆ ಎತ್ತಿದರೆ 23 ಇಂಚು, ಅಲ್ಲಿ ಹಬ್ಬದ ಅಡುಗೆಯೇ ಹಿಡಿಯುತ್ತದೆ.

ಈಗ ಸೀಟಿನ ಲೆಕ್ಕ. ಒಬ್ಬರಿಗೆ ಟೇಬಲ್ ಅಂಚಿನಲ್ಲಿ 2 ಅಡಿ ಬೇಕು. ನಾಲ್ಕು ಅಡಿಯ ಮಗ್ಗುಲಿಗೆ ಇಬ್ಬರು, ಬೆಂಚಿನ ಮೇಲೆ. ಟಿವಿ ಕಡೆಯ ತುದಿಗೆ ಒಬ್ಬರು. ಟೇಬಲ್ಲಿನ 4 ಅಡಿ, ತುದಿಯ ಖುರ್ಚಿಗೆ ಎರಡೂವರೆ ಅಡಿ, ನಿಮ್ಮ ಆರೂವರೆ ಅಡಿ ಗೋಡೆ ಬರೋಬ್ಬರಿ ಆಯಿತು. ರವಿವಾರ ಐದೂ ಮಂದಿ ಒಟ್ಟಿಗೆ ಕೂಡಬೇಕೆಂದರೆ ಟೇಬಲ್ಲನ್ನು ಗೋಡೆಯಿಂದ 3 ಅಡಿ ಈಚೆ ಎಳೆಯಿರಿ, ಹಲಗೆ ಎತ್ತಿರಿ, ಮಕ್ಕಳಿಬ್ಬರೂ ಸ್ಟೂಲ್ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂಡಲಿ. ಮಕ್ಕಳ 2 ಅಡಿ, ಟೇಬಲ್ಲಿನ 3 ಅಡಿ, ಬೆಂಚಿನ 2 ಅಡಿ, ಒಟ್ಟು ಏಳು. ಅಡುಗೆಮನೆ ಕಡೆ ಹೋಗಲು ಮೂರು ಅಡಿ ದಾರಿ ಹಾಗೇ ಉಳಿಯಿತು. ಊಟ ಮುಗಿದ ಮೇಲೆ ಎಲ್ಲ ಹಿಂದಕ್ಕೆ ಸರಿಸಿದರೆ ಬೆಂಚು, ಸ್ಟೂಲು ಟೇಬಲ್ ಕೆಳಗೆ. ಹಾಲ್‌ನ ಹತ್ತು ಅಡಿಯಲ್ಲಿ ಎಂಟು ಅಡಿ ನಿಮ್ಮದೇ.

ಮಕ್ಕಳು ಆ ಹಲಗೆಯ ಮೇಲೆ ಮೊಣಕೈ ಊರುತ್ತಾರೆ. ಊರಬೇಡ ಅಂದರೆ ಇನ್ನೂ ಜಾಸ್ತಿ ಊರುತ್ತಾರೆ. ಆದ್ದರಿಂದ ಹಲಗೆಗೆ ಬರೀ ಬ್ರಾಕೆಟ್ ಆಧಾರ ಸಾಲದು. ಬಾಗಿಲಿನ ಹಾಗೆ ತಿರುಗಿ ಹೊರಗೆ ಬರುವ ಒಂದು ಕಾಲು ಮಾಡಿಸಿ, ನೆಲಕ್ಕೆ ಊರುವಂಥದ್ದು. ಬಿಜಾಗರಿ ಮೂರು ಇರಲಿ, ಎರಡಾದರೆ ನಾಲ್ಕು ಅಡಿಯ ಹಲಗೆ ನಡುವೆ ಬಾಗುತ್ತದೆ. ಬಿಜಾಗರಿಯ ಸಂದಿಯಲ್ಲಿ ರೊಟ್ಟಿ ಚೂರು ಸೇರಿ ಇರುವೆ ಬರುತ್ತವೆ. ಹಳೆಯ ಹಲ್ಲುಜ್ಜುವ ಬ್ರಷ್ ಒಂದು ಅಲ್ಲೇ ಇಟ್ಟುಕೊಳ್ಳಿ.

ನೀವು ಕೇಳಿದ ಗೋಡೆಯ ಟೇಬಲ್ ಬಗ್ಗೆ. ಇಬ್ಬರೇ ಇರುವ ಮನೆಗೆ, ಅದರಲ್ಲೂ ಸ್ವಂತ ಮನೆಗೆ, ಅದು ಒಳ್ಳೆಯದೇ. ನಿಮ್ಮಲ್ಲಿ ಎರಡು ತೊಡಕು. ಗೋಡೆಗೆ ನಾಲ್ಕಾರು ತೂತು ಕೊರೆದು ಆಂಕರ್ ಬೋಲ್ಟ್ ಹೊಡೆಯಬೇಕು, ಮನೆ ಮಾಲೀಕರು ಒಪ್ಪಬೇಕು. ಬೋಲ್ಟ್ ಹಿಡಿಯುವುದು ಗಟ್ಟಿ ಇಟ್ಟಿಗೆಯಲ್ಲಿ, ಗಿಲಾವಿನಲ್ಲಲ್ಲ. ಹಳೆಯ ಗೋಡೆಯ ಗಿಲಾವು ದಪ್ಪಗಿದ್ದು ಉದುರುತ್ತಿದ್ದರೆ ಬೋಲ್ಟ್ ಮೆಲ್ಲಗೆ ಸಡಿಲ ಆಗುತ್ತದೆ. ಎರಡನೆಯದು ಅತ್ತೆಯವರು. ಮೊಣಕಾಲು ನೋವಿರುವವರು ಏಳುವಾಗ ಎದುರಿಗೆ ಏನಿದೆಯೋ ಅದರ ಮೇಲೆ ಪೂರ್ತಿ ಭಾರ ಹಾಕುತ್ತಾರೆ. ಆ ಭಾರ ಗೋಡೆಗೆ ಜೋತುಬಿದ್ದ ಹಲಗೆಯ ತುದಿಗೆ ಬೀಳುವುದು ನನಗೆ ಸಮಾಧಾನ ಇಲ್ಲ. ನೆಲದ ಮೇಲೆ ನಾಲ್ಕು ಕಾಲೂರಿ ನಿಂತ ಟೇಬಲ್ಲೇ ಸರಿ.

ಅತ್ತೆಯವರ ಖುರ್ಚಿಗೆ ನಾನು ಟೇಬಲ್ಲಿಗಿಂತ ಹೆಚ್ಚು ತಲೆ ಕೆಡಿಸಿಕೊಳ್ಳುತ್ತೇನೆ. ಈ ಖರ್ಚಿಗೆಲ್ಲ ಕಾರಣ ಅವರ ಮೊಣಕಾಲು ತಾನೇ? ಕೂಡುವ ಹಲಗೆ ನೆಲದಿಂದ 18 ಇಂಚು ಎತ್ತರ ಇರಲಿ, ಅವರು ಎತ್ತರದವರಾದರೆ 19. ತಗ್ಗು ಖುರ್ಚಿಯಿಂದ ಏಳುವುದೇ ಕಷ್ಟ. ಸೋಫಾದ ಹಾಗೆ ಮೆತ್ತಗೆ ಒಳಗೆ ಇಳಿಯುವ ಸೀಟು ಬೇಡ, ಗಟ್ಟಿಯಾಗಿರಲಿ. ಎರಡೂ ಕಡೆ ಕೈ ಇರಲೇಬೇಕು, ಊರಿ ಏಳಲು. ಹಿಂಗಾಲು ಜಾರದ ಹಾಗೆ ರಬ್ಬರ್ ಬೂಟು ಹಾಕಿಸಿ. ಇದಕ್ಕೆ ಶೋರೂಮಿನ ಖುರ್ಚಿಯೇ ಆಗಬೇಕೆಂದಿಲ್ಲ. ಕೈ ಇರುವ ಒಳ್ಳೆಯ ದಪ್ಪ ಪ್ಲಾಸ್ಟಿಕ್ ಖುರ್ಚಿಯೂ ನಡೆಯುತ್ತದೆ, ಸೀಟಿನ ಎತ್ತರ ಅಳೆದು ತನ್ನಿ. ಏನೇ ತಂದರೂ ಅವರನ್ನು ಅಂಗಡಿಗೆ ಕರೆದುಕೊಂಡು ಹೋಗಿ ಕೂಡಿಸಿ, ಏಳಿಸಿ ನೋಡಿ. ಮಗ ಕೂತು ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಕೈ ಇರುವ ಖುರ್ಚಿ ಅಗಲ ಜಾಸ್ತಿ, 22 ಇಂಚಿನ ಆಸುಪಾಸು. 2 ಅಡಿ ಟೇಬಲ್ಲಿನ ತುದಿಯ ಕಾಲುಗಳ ನಡುವೆ ಅದು ನುಗ್ಗುವುದಿಲ್ಲ. ಹಾಗಾಗಿ ಆ ತುದಿಯ ಕಾಲುಗಳನ್ನು ಅಂಚಿನಿಂದ 6 ಇಂಚು ಒಳಗೆ ಕೂಡಿಸಲು ಹೇಳಿ. ಅವರು ತಾಟಿನ ಹತ್ತಿರಕ್ಕೆ ಸರಿದು ಕೂಡಬಹುದು, ಮೊಣಕಾಲು ಕಾಲಿಗೆ ಬಡಿಯುವುದಿಲ್ಲ. ಊಟ ಇಲ್ಲದಾಗ ಖುರ್ಚಿಯನ್ನು ಟೇಬಲ್ ಕೆಳಗೆ ತುರುಕುವ ಅಗತ್ಯವೂ ಇಲ್ಲ. ಅದು ಟಿವಿ ಕಡೆ ತಿರುಗಿಸಿಟ್ಟ ಅವರ ಖುರ್ಚಿಯಾಗಿ ಹಾಲ್‌ನಲ್ಲೇ ಇರಲಿ.

ಟೇಬಲ್ ಎತ್ತರ 30 ಇಂಚು, ಬೆಂಚು 18. ಸೀಟಿಗೂ ಟೇಬಲ್ಲಿಗೂ ನಡುವೆ ಹನ್ನೆರಡು ಇಂಚಿನ ಮೇಲೆ ಹೋದರೆ ಭುಜ ಎತ್ತಿ ಉಣ್ಣಬೇಕಾಗುತ್ತದೆ. ಸಣ್ಣವನಿಗೆ ಹೇಗೂ ಎತ್ತರ ಸಾಲದು, ಒಂದು ದಪ್ಪ ದಿಂಬು ಕೊಡಿ. ಬೆಂಚಿನ ಉದ್ದ 3 ಅಡಿ, ಅಗಲ 13 ಇಂಚು. ಅದಕ್ಕಿಂತ ಉದ್ದ ಮಾಡಿದರೆ ಟೇಬಲ್ ಕಾಲುಗಳ ನಡುವೆ ಒಳಗೆ ಹೋಗುವುದಿಲ್ಲ, ಬೆಂಚು ಮಾಡಿಸಿದ್ದೇ ದಂಡ. ಕೆಲವರು ಬೆಂಚನ್ನು ಪೆಟ್ಟಿಗೆ ಥರ ಮಾಡಿಸಿ ಒಳಗೆ ಸಾಮಾನು ತುಂಬುತ್ತಾರೆ. ಐಡಿಯಾ ಚೆನ್ನಾಗಿದೆ. ಆದರೆ ತುಂಬಿದ ಪೆಟ್ಟಿಗೆಯನ್ನು ದಿನಾ ಎಳೆಯುವವರು ಯಾರು?

ಇನ್ನು ಯಾವುದರಿಂದ ಮಾಡಿಸಬೇಕು. ನಮ್ಮ ಭಾಗದವರಿಗೆ ಸಾಗವಾನಿಯ ಮೋಹ ಬಹಳ. ದಾಂಡೇಲಿ, ಕಿರವತ್ತಿ ಡಿಪೋಗಳು ಹತ್ತಿರ ಇವೆ, ಯಾರಾದರೂ ಒಬ್ಬರು 'ಅಲ್ಲಿಂದ ಕೊಡಿಸ್ತೀನಿ' ಅನ್ನುವವರು ಸಿಕ್ಕೇ ಸಿಗುತ್ತಾರೆ. ನಿಮ್ಮ ಬಜೆಟ್ಟಿನಲ್ಲಿ ಪೂರ್ತಿ ಸಾಗವಾನಿ ಕೂಡಿಸುವುದು ಕಷ್ಟ. ಬಾಡಿಗೆ ಮನೆಗೆ ಅಷ್ಟು ಭಾರದ ಸಾಮಾನೂ ಬೇಡ. ಕಾಲು ಮತ್ತು ಚೌಕಟ್ಟು ಕಬ್ಬಿಣದ ಚೌಕ ಪೈಪಿನಲ್ಲಿ ಮಾಡಿಸಿ, ಒಂದೂವರೆ ಇಂಚಿನದು, ಪೌಡರ್ ಕೋಟಿಂಗ್ ಮಾಡಿಸಿ. ಗೋಕುಲ ರೋಡ್ ಕಡೆ ಈ ಕೆಲಸ ಮಾಡುವವರಿಗೆ ಬರ ಇಲ್ಲ. ಮೇಲಿನ ಹಲಗೆ 19 ಮಿಲಿಮೀಟರ್ ಪ್ಲೈವುಡ್, ಐಎಸ್ 710 ಗುರುತಿನದು, ಅಂದರೆ ನೀರು ತಡೆಯುವ ಮರೈನ್ ಪ್ಲೈವುಡ್. ಎಂಆರ್ ಎಂದು ಬರೆದಿದ್ದು ತೇವ ತಡೆಯುತ್ತದೆ, ನೀರು ತಡೆಯುವುದಿಲ್ಲ. ಊಟದ ಟೇಬಲ್ ದಿನಕ್ಕೆ ಮೂರು ಸಲ ಒದ್ದೆ ಬಟ್ಟೆ ಕಾಣುತ್ತದಲ್ಲ, ಅದಕ್ಕೇ 710. ಪ್ಲೈವುಡ್ ಶೀಟ್ 8 ಅಡಿಗೆ 4 ಅಡಿ ಬರುತ್ತದೆ. ಟೇಬಲ್, ಮಡಚುವ ಹಲಗೆ, ಬೆಂಚು, ಎರಡು ಸ್ಟೂಲಿನ ಮೇಲ್ಭಾಗ, ಎಲ್ಲ ಒಂದೇ ಶೀಟಿನಲ್ಲಿ ಮುಗಿದು ಇನ್ನೂ ಮಿಗುತ್ತದೆ. ಎರಡು ಶೀಟಿನ ಬಿಲ್ ಬಂದರೆ ಕೇಳಿ.

ಮೇಲೆ ಸನ್‌ಮೈಕಾ ಅಂಟಿಸುತ್ತಾರೆ. ತಳಕ್ಕೂ ತೆಳುವಾದದ್ದು ಒಂದು ಅಂಟಿಸಲು ಹೇಳಿ. ಒಂದೇ ಕಡೆ ಅಂಟಿಸಿದರೆ ನಮ್ಮ ಏಪ್ರಿಲ್ ಒಣ ಬಿಸಿಲಿಗೂ ಜುಲೈ ಜಿಟಿಜಿಟಿ ಮಳೆಗೂ ಹಲಗೆ ಡೊಂಕಾಗುತ್ತದೆ. ಮಡಚುವ ಹಲಗೆಯಲ್ಲಿ ಇದು ಬೇಗ ಗೊತ್ತಾಗುತ್ತದೆ, ಎರಡೂ ಮೇಲೆ ಕೆಳಗೆ ಆಗಿ ಗಂಗಾಳ ಅಲುಗಾಡುತ್ತದೆ. ನೀರು ಒಳಗೆ ಇಳಿಯುವುದು ಅಂಚಿನಿಂದ. ಅಂಚಿಗೆ ಮರದ ಪಟ್ಟಿ ಹೊಡೆಸಿ, ಮೂಲೆ ಗುಂಡಾಗಿಸಿ. ಬಣ್ಣ ಬಿಳಿ ಬೇಡ, ಅರಿಸಿನದ ಕಲೆ ಹೋಗಿಸಲು ಸಾಕಾಗುತ್ತದೆ. ತೀರಾ ಕಪ್ಪೂ ಬೇಡ, ನಮ್ಮೂರಿನ ಧೂಳಿಗೆ ಒರೆಸಿದ ಅರ್ಧ ಗಂಟೆಗೆ ಬೆಳ್ಳಗೆ ಕಾಣುತ್ತದೆ. ಕುಕ್ಕರ್ ಇಡುವಾಗ ಕೆಳಗೆ ಸಿಂಬಿ ಮರೆಯಬೇಡಿ.

ಕಂತಿನಲ್ಲಿ ಸಿಗುವ ಅಗ್ಗದ ಸೆಟ್ಟುಗಳಲ್ಲಿ ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಜಾಸ್ತಿ, ಅಂದರೆ ಮರದ ನಾರು, ಪುಡಿಯನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ. ನೋಡಲು ಮರದ ಹಾಗೇ ಇರುತ್ತದೆ. ನೆಲ ಒರೆಸುವ ನೀರು ಕಾಲಿನ ಬುಡಕ್ಕೆ ತಾಗಿ ತಾಗಿ ಉಬ್ಬುತ್ತದೆ. ನಿಮ್ಮ ಏರಿಯಾದಲ್ಲಿ ನಳ ದಿನಾ ಬರದಿದ್ದರೆ ಮನೆಯೊಳಗೆ ಡ್ರಮ್ಮು, ಕೊಡಗಳ ಸಾಲೇ ಇರುತ್ತದೆ, ನೀರು ಬಂದ ದಿನ ನೆಲವೆಲ್ಲ ಒದ್ದೆ. ಅಂಥ ಮನೆಗೆ ಇವು ಬೇಡ. ಇಳಕಲ್ಲಿನ ಗ್ರಾನೈಟ್ ಹಾಕಿಸಿ ಎನ್ನುವವರೂ ಇದ್ದಾರೆ. ಕಲೆ ಹಿಡಿಯುವುದು ಕಡಿಮೆ, ಬಿಸಿಗೂ ಹೆದರುವುದಿಲ್ಲ. ಆದರೆ 4 ಅಡಿಗೆ 2 ಅಡಿ ಕಲ್ಲು, 18 ಮಿಲಿಮೀಟರ್ ದಪ್ಪದ್ದು, ಸುಮಾರು 36 ಕೆ.ಜಿ. ತೂಗುತ್ತದೆ. ಪ್ರತಿ ರವಿವಾರ ಎಳೆಯುವ ಟೇಬಲ್ಲಿಗೆ ಅದು ಬೇಡ.

ಪಂಚಮಿಯ ಹತ್ತು ಮಂದಿಗೆ ನೆಲವೇ ಇದೆಯಲ್ಲ. ಅಂದು ಹಲಗೆ ಇಳಿಸಿ ಟೇಬಲ್ಲನ್ನು ಗೋಡೆಗೆ ಒತ್ತಿ. ಸೋಫಾ ಮುಂದೆ ಜಮಖಾನ ಹಾಸಿ ಐದು ಮಂದಿಯ ಪಂಕ್ತಿ ಕೂಡಿಸಿ, ಒಬ್ಬರಿಗೆ ಎರಡು ಅಡಿಯಂತೆ ಹತ್ತು ಅಡಿ ಬೇಕು, ನಿಮ್ಮ ಹದಿನಾಲ್ಕು ಅಡಿ ಉದ್ದಕ್ಕೆ ಹಿಡಿಯುತ್ತದೆ. ಅತ್ತೆಯವರು ಮತ್ತು ಕೆಳಗೆ ಕೂಡಲಾಗದ ಬೀಗರು ಟೇಬಲ್ಲಿಗೆ. ಉಳಿದವರು ಎರಡನೇ ಪಂಕ್ತಿ. ಬಡಿಸುವವರು ಹೇಗೂ ಕೊನೆಗೇ ಉಣ್ಣುತ್ತಾರೆ, ಅಂದು ಟೇಬಲ್ ಅವರಿಗೆ ಬಿಟ್ಟುಕೊಡಿ ಎಂದು ನಿಮ್ಮ ಮನೆಯವರಿಗೆ ನಾನೇ ಹೇಳಿದೆ ಅನ್ನಿ.

ಅಡ್ವಾನ್ಸ್ ಕೊಡುವ ಮೊದಲು ಒಂದು ಕೆಲಸ ಮಾಡಿ. ಹಳೆಯ ಪೇಪರ್ ಹಾಸಿ ಆ ಮೂಲೆಯಲ್ಲಿ 4 ಅಡಿಗೆ 2 ಅಡಿ ಜಾಗ ಗುರುತು ಮಾಡಿ, ಅಂಚಿಗೆ ಟೇಪ್ ಹಚ್ಚಿ. ಬೆಂಚಿನ ಜಾಗದಲ್ಲಿ ಎರಡು ಪ್ಲಾಸ್ಟಿಕ್ ಖುರ್ಚಿ ಇಡಿ. ಎರಡು ಮೂರು ದಿನ ಹಾಗೇ ಓಡಾಡಿ, ಬೆಳಿಗ್ಗೆ ಶಾಲೆಯ ಗಡಿಬಿಡಿಯಲ್ಲೂ. ಬೆಡ್‌ರೂಮ್ ಬಾಗಿಲು, ಫ್ರಿಜ್ ಬಾಗಿಲು ಪೂರ್ತಿ ತೆರೆದು ನೋಡಿ. ಫ್ಯಾನ್ ಸ್ವಿಚ್ಚು, ಪ್ಲಗ್ ಟೇಬಲ್ ಹಿಂದೆ ಸಿಕ್ಕಿಬೀಳುತ್ತವೆಯೇ ಅಂತಲೂ ನೋಡಿ. ಮಡಚಿದ ಹಲಗೆ ಇಳಿಬೀಳುವುದು ಅಲ್ಲೇ.

ಕಾಲುಗಳನ್ನು ಚೌಕಟ್ಟಿಗೆ ವೆಲ್ಡ್ ಮಾಡಿಸಬೇಡಿ, ಬೋಲ್ಟ್ ಹಾಕಿಸಿ. ಬಿಚ್ಚಿದರೆ ಯಾವ ಮೆಟ್ಟಿಲಿನಲ್ಲೂ ಇಳಿಯುತ್ತದೆ. ವೆಲ್ಡಿಂಗ್‌ನವರು 'ಗಟ್ಟಿ ಇರೂದಿಲ್ರೀ' ಅನ್ನುತ್ತಾರೆ. ಒಂದು ಕಾಲಿಗೆ ಎರಡು ಬೋಲ್ಟು, ಸ್ಪ್ರಿಂಗ್ ವಾಷರ್ ಸಮೇತ ಹಾಕಿದರೆ ಗಟ್ಟಿಯಾಗಿಯೇ ಇರುತ್ತದೆ. ಆರು ತಿಂಗಳಿಗೊಮ್ಮೆ ಪಾನಾ ಹಿಡಿದು ಬಿಗಿ ಮಾಡಿ. ಅಳತೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಹಲಗೆ ಗೋಡೆ ಕಡೆ ಎಂದು ದೊಡ್ಡದಾಗಿ ಬರೆದು, ಬಡಿಗರಿಗೂ ವೆಲ್ಡಿಂಗ್‌ನವರಿಗೂ ಒಂದೊಂದು ಪ್ರತಿ ಕೊಡಿ. ಬಾಯಿಮಾತಿನಲ್ಲಿ ಹೇಳಿದರೆ ಅದು ಹಾಲ್ ಕಡೆಗೇ ಬಂದು ಕೂಡುತ್ತದೆ.